ಹುಳ ಅಂದ ತಪ್ಪಿಗೆ

೧೯೭೯ರಲ್ಲಿ ನಾನು ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ದಂತವೈದ್ಯೆಯಾಗಿದ್ದೆ. ಕೆಲಸಕ್ಕೆ ಸೇರಿ ಎರಡನೇ ವರ್ಷ. ಇದ್ದ ಒಂದೇ ಡೆಂಟಲ್ ಚೇರಿನ ಪೆಡಲ್ ಕೆಟ್ಟಿತ್ತು. ಚೇರ್ ಮೇಲೇಳದ ಕಾರಣ ಪ್ರತಿ ರೋಗಿಗೂ ನಾನೇ ಬಗ್ಗಬೇಕಿತ್ತು. ಇಕ್ಕಳ, ಸೂಜಿಗಳನ್ನು ಕುದಿಸಲು ಕರೆಂಟ್ ಇದ್ದರೆ ಸ್ಟೆರಿಲೈಜರ್, ಇಲ್ಲದಿದ್ದರೆ ಸೀಮೆಎಣ್ಣೆ ಸ್ಟವ್. ಇವನ್ನೆಲ್ಲ ಹೇಗೋ ಸಹಿಸಿಕೊಂಡಿದ್ದೆ. ನನ್ನನ್ನು ಸೋಲಿಸಿದ್ದು ಒಂದು ಪದ.

ಗುರುವಾರಗಳಂದು ಯಲ್ದೂರಿನ ಸುತ್ತಮುತ್ತಲ ಹಳ್ಳಿಗಳಿಗೆ ಹೋಗಿ ಹಲ್ಲಿನ ಆರೋಗ್ಯದ ಬಗ್ಗೆ ಭಾಷಣ ಮಾಡಬೇಕಿತ್ತು. ವಿಷಯವೇನೂ ಕಷ್ಟದ್ದಲ್ಲ. ನಮ್ಮೆಲ್ಲರ ಬಾಯಲ್ಲೂ ಬ್ಯಾಕ್ಟೀರಿಯಾ ಇರುತ್ತವೆ. ಒಂದೊಂದೂ ಒಂದೇ ಜೀವಕೋಶ. ಮೈಕ್ರೋಸ್ಕೋಪ್ ಇಲ್ಲದೆ ಕಾಣುವುದಿಲ್ಲ. ಅವು ಹಲ್ಲಿಗೆ ಅಂಟುಅಂಟಾಗಿ ಪದರ ಕಟ್ಟಿಕೊಳ್ಳುತ್ತವೆ. ಅದಕ್ಕೆ ಪ್ಲಾಕ್ ಎನ್ನುತ್ತೇವೆ. ನಾವು ತಿಂದ ಸಿಹಿಯನ್ನು ತಾವೂ ತಿಂದು ಆಮ್ಲ ಬಿಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ತೂತು ಹಲ್ಲಿನ ನರ ಮುಟ್ಟಿದರೆ ನೋವು, ಬೇರು ದಾಟಿದರೆ ದವಡೆಯಲ್ಲಿ ಕೀವು. ಇಷ್ಟೇ.

ಆದರೆ ಮುಳಬಾಗಿಲಿನ ಪುರೋಹಿತರ ಮನೆಯಲ್ಲಿ ಹುಟ್ಟಿದ ನನ್ನ ಬಾಯಲ್ಲಿ ಬ್ಯಾಕ್ಟೀರಿಯಾ ಎನ್ನುವುದು 'ಸೂಕ್ಷ್ಮಾಣುಜೀವಿ' ಆಗಿಬಿಡುತ್ತಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಜೊತೆಗೆ ಬರುತ್ತಿದ್ದ ಕಾಂಪೌಂಡರ್ ನಾರಾಯಣಪ್ಪ ಒಂದು ದಿನ ಜೀಪಿನಲ್ಲಿ ಹೇಳಿದರು:

"ನಿಮ್ಮ ಸೂಕ್ಷ್ಮ ಯಾರ್ಗೂ ತಿಳೀತಿಲ್ಲ ಮೇಡಂ. ಹುಳ ಅಂದ್ಬುಡಿ, ಸಲೀಸಾಗಿ ಅರ್ಥ ಆಗ್ತದೆ."

ಮುಂದಿನ ಗುರುವಾರ 'ಕಣ್ಣಿಗೆ ಕಾಣದ ಹುಳ' ಅಂದೆ. ಎಲ್ಲ ತಲೆಗಳೂ ಒಟ್ಟಿಗೆ ಅಲ್ಲಾಡಿದವು. ನನಗೆ ಖುಷಿಯೋ ಖುಷಿ. ನಮ್ಮ ಭಾಷೆಯಲ್ಲಿ ಹುಳುಕು ಹಲ್ಲು ಎಂಬ ಮಾತು ಮೊದಲೇ ಇದೆಯಲ್ಲ, ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಅದೇ ಬೇಸಿಗೆಯಲ್ಲಿ ರತ್ನಮ್ಮ ಬಂದಳು. ಮೂವತ್ತರ ಒಳಗಿನ ವಯಸ್ಸು, ಎರಡು ಮಕ್ಕಳು. ಗಂಡ ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕಿದ್ದ. ಕೆಳಗಿನ ದವಡೆ ಹಲ್ಲು ಅರ್ಧ ಕರಗಿತ್ತು. ಉಳಿಸುವಂತಿರಲಿಲ್ಲ, ಕೀಳಿಸಿಕೋ ಎಂದೆ. ಮಾವಿನಕಾಯಿ ಆರಿಸುವ ಕೆಲಸ ಮುಗಿಯಲಿ ಎಂದು ಹೋದವಳು ಹದಿನೈದು ದಿನಕ್ಕೆ ನಗುನಗುತ್ತಾ ಬಂದು, ಮೇಜಿನ ಮೇಲೆ ಒಂದು ಕಾಗದದ ಪೊಟ್ಟಣ ಬಿಚ್ಚಿದಳು.

"ನಾಕು ಹುಳ ಬಿತ್ತು ಮೇಡಂ, ನೀವು ಹೇಳ್ದಂಗೇ! ಈಗ ನೋವೇ ಇಲ್ಲ."

ಸಂತೆಗೆ ಒಬ್ಬ ಹಲ್ಲಿನ ಹುಳ ತೆಗೆಯುವವನು ಬರುತ್ತಿದ್ದ. ಕೆಂಡದ ಮೇಲೆ ಯಾವುದೋ ಬೀಜ ಹಾಕಿ, ಕೊಳವೆಯಲ್ಲಿ ಬಾಯಿಗೆ ಹೊಗೆ ಬಿಟ್ಟು, ತಟ್ಟೆಯ ನೀರಿನಲ್ಲಿ ಬಿಳೀ ಹುಳ ತೋರಿಸುತ್ತಿದ್ದ. ಪೊಟ್ಟಣದಲ್ಲಿದ್ದುದನ್ನು ಭೂತಗನ್ನಡಿಯಲ್ಲಿ ನೋಡಿದೆ. ಬಿಸಿಗೆ ಬಿರಿದ ಬೀಜದೊಳಗಿನ ಮೊಳಕೆಗಳು! ನೋವು ನಿಂತದ್ದು ಹಲ್ಲಿನ ನರ ಸತ್ತದ್ದರಿಂದ. ಸೋಂಕು ಸದ್ದಿಲ್ಲದೆ ಬೇರಿನ ಕಡೆ ಇಳಿಯುತ್ತಿತ್ತು. ಇದನ್ನೆಲ್ಲ ಹೇಳಿದೆ, ಗದರಿದೆ, ಅಂದೇ ಕೀಳುತ್ತೇನೆ ಎಂದೆ. ಅವಳು ಪೊಟ್ಟಣವನ್ನು ಜೋಪಾನವಾಗಿ ಮಡಚಿಕೊಂಡು ಹೊರಟೇಹೋದಳು. ನಾರಾಯಣಪ್ಪನವರು ನನ್ನ ಮುಖ ನೋಡದೆ ಔಷಧಿ ಬಾಟಲಿಗಳನ್ನು ಒರೆಸತೊಡಗಿದರು.

ಮೂರು ವಾರದ ಮೇಲೆ, ಒಂದು ಮಧ್ಯಾಹ್ನ, ಅತ್ತೆ ಮುನಿವೆಂಕಟಮ್ಮ ಅವಳನ್ನು ಎತ್ತಿನ ಗಾಡಿಯಲ್ಲಿ ಕರೆತಂದರು. ರತ್ನಮ್ಮನ ಗಲ್ಲದ ಕೆಳಗೆ ಎರಡೂ ಕಡೆ ಕಲ್ಲಿನ ಹಾಗೆ ಊದಿತ್ತು. ನಾಲಿಗೆ ಮೇಲಕ್ಕೆ ಒತ್ತಿಕೊಂಡಿತ್ತು, ಜೊಲ್ಲು ನುಂಗಲಾಗುತ್ತಿರಲಿಲ್ಲ. ಮಾತಿನ ಬದಲು ಗೊರಗೊರ ಸದ್ದು. ಲುಡ್ವಿಗ್ಸ್ ಆಂಜೈನಾ: ಹಲ್ಲಿನ ಸೋಂಕು ಗಲ್ಲದಡಿಗೆ ಹರಡಿ ಉಸಿರಿನ ದಾರಿಯನ್ನೇ ಮುಚ್ಚುವ ಸ್ಥಿತಿ. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಅಂದೇ. ಪೆನ್ಸಿಲಿನ್ ಚುಚ್ಚಿ, ಡ್ರಿಪ್ ಹಾಕಿಸಿ, ಜೀಪ್ ತರಿಸಿದೆ. ಕೋಲಾರದ ದೊಡ್ಡ ಆಸ್ಪತ್ರೆಯಲ್ಲಿ ಕುತ್ತಿಗೆ ಕೊಯ್ದು ಕೀವಿಗೆ ದಾರಿ ಮಾಡದಿದ್ದರೆ ಅವಳು ಸಂಜೆಯವರೆಗೆ ಉಳಿಯುವುದು ಅನುಮಾನವಾಗಿತ್ತು.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಕುತ್ತಿಗೆ ಕುಯ್ಯೋದಾ? ಬ್ಯಾಡ. ಇನ್ನೊಂದು ಹುಳ ಒಳಗೇ ಉಳ್ಕೊಂಡೈತೆ. ಹುಳ ತೆಗ್ಯೋನ್ನ ಕರ್ಸೋಕೆ ಆಳು ಕಳ್ಸಿದೀನಿ, ಬತ್ತಾನೆ."

"ಹುಳ ಇಲ್ಲಮ್ಮಾ! ಹುಳಾನೇ ಇಲ್ಲ!" ಎಂದು ಕಿರುಚಿದೆ.

"ನಮ್ಮೂರ ಕಟ್ಟೆ ಮೇಲೆ ನಿಂತ್ಕೊಂಡು ನೀವೇ ಅಂದ್ರಲ್ಲ ಡಾಕ್ಟ್ರಮ್ಮ, ಹುಳ ಐತೆ ಅಂತ?"

ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ವಾದ ಮಾಡಲು ಸಮಯವಿರಲಿಲ್ಲ, ವಾದ ಮಾಡದೆ ಜೀಪ್ ಹೊರಡುವಂತಿರಲಿಲ್ಲ. ಅಷ್ಟರಲ್ಲಿ ಸೊಸೆಗೆ ಒಂದು ಗುಟುಕಾದರೂ ಕುಡಿಸೋಣವೆಂದು ಮುದುಕಿ ಚೊಂಬಿನ ಮುಚ್ಚಳ ತೆಗೆದರು. "ಅಯ್ಯೋ, ಪಾಲು ವಿರಿಗಿಪೋಯಾಯಿ" ಎಂದು ತೆಲುಗಿನಲ್ಲಿ ಗೊಣಗಿಕೊಂಡರು. ಹಾಲು ಒಡೆದುಹೋಗಿತ್ತು.

"ಯಾಕಮ್ಮಾ ಒಡೀತು? ಹುಳ ಬಿದ್ದಿತ್ತಾ?" ಎಂದೆ.

"ಹುಳ ಯಾಕ್ ಬೀಳ್ತದೆ? ಚೊಂಬು ಸರಿಯಾಗಿ ತೊಳ್ದಿಲ್ಲ. ನಿನ್ನೆ ಮೊಸರಿನ ಹೆಪ್ಪು ಅಂಟ್ಕೊಂಡಿತ್ತು."

"ಕಣ್ಣಿಗೆ ಕಂಡಿತಾ?"

"ಇಷ್ಟೇ ಇಷ್ಟಿದ್ರೂ ಸಾಕು, ಎಲ್ಲಾನೂ ಹುಳಿ ಮಾಡ್ತದೆ."

"ಅಮ್ಮಾ, ಇವಳ ಹಲ್ಲಿಗೂ ಅಂಥದ್ದೇ ಅಂಟಿಕೊಂಡಿತ್ತು. ಈಗ ಕುತ್ತಿಗೆಗೆ ಇಳಿದಿದೆ. ಹೊಗೆ ಹಾಕಿದರೆ ಹೆಪ್ಪು ಹೋಗುತ್ತಾ?"

ಮುನಿವೆಂಕಟಮ್ಮ ಚೊಂಬನ್ನು ನೋಡಿದರು, ಸೊಸೆಯ ಕುತ್ತಿಗೆ ನೋಡಿದರು. ಆಮೇಲೆ ಹಾಲನ್ನು ಹೊರಗೆ ಚೆಲ್ಲಿ, "ಹೆಪ್ಪು ಬಿದ್ಮೇಲೆ ತಿರ್ಗಿ ಹಾಲಾಗಲ್ಲ. ಎತ್ರಿ ಇವಳನ್ನ" ಎಂದು ಎಲ್ಲರಿಗಿಂತ ಮೊದಲು ತಾವೇ ಜೀಪ್ ಹತ್ತಿದರು.

ರತ್ನಮ್ಮ ಬದುಕಿದಳು. ನಾನು ಕೊಟ್ಟ ವಿವರಣೆ ಪರೀಕ್ಷೆಯಲ್ಲಾದರೆ ಅರ್ಧ ಅಂಕಕ್ಕೂ ಬಾಳುತ್ತಿರಲಿಲ್ಲ; ಹಾಲಿನ ಹೆಪ್ಪೇ ಬೇರೆ, ಕುತ್ತಿಗೆಯಲ್ಲಿ ಕೀವು ಕಟ್ಟುವ ಬ್ಯಾಕ್ಟೀರಿಯಾಗಳೇ ಬೇರೆ. ಆದರೂ ಅಂದಿನಿಂದ ಭಾಷಣಗಳಲ್ಲಿ ಹುಳವನ್ನು ಬಿಟ್ಟು ಹೆಪ್ಪನ್ನು ಹಿಡಿದೆ: ಪಾತ್ರೆ ತೊಳೆಯುವ ಹಾಗೆ ದಿನಾ ಹಲ್ಲು ತೊಳೆಯಿರಿ, ಕೆಟ್ಟದ್ದನ್ನು ಬೇಗ ತೋರಿಸಿ ಎಂದೆ. ಎರಡೇ ತಿಂಗಳಲ್ಲಿ, ಮೊಸರು ತಿಂದರೆ ಹಲ್ಲು ಉದುರುತ್ತದೆಂದು ಡಾಕ್ಟ್ರಮ್ಮ ಹೇಳಿದ್ದಾರೆ ಎಂಬ ಸುದ್ದಿ ಹಬ್ಬಿತು. ಮತ್ತೆ ಊರೂರು ಸುತ್ತಿ ಮೊಸರು ತಿನ್ನಿ, ದಯವಿಟ್ಟು ತಿನ್ನಿ ಎಂದು ಬೇಡಿಕೊಂಡೆ.

ಗಾಯ ಮಾಗಿದ ಮೇಲೆ ರತ್ನಮ್ಮ ತೋರಿಸಲು ಬಂದಳು. ಗಲ್ಲದ ಕೆಳಗೆ ಎರಡು ಅಂಗುಲದ ಗೆರೆ. ತಡೆಯಲಾರದೆ ಕೇಳಿದೆ: "ಹಲ್ಲು ಕೀಳಿಸ್ಕೋ ಅಂತ ಅಷ್ಟು ಬಡ್ಕೊಂಡೆನಲ್ಲ, ಯಾಕೆ ಕೇಳಲಿಲ್ಲ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವೇ ಹುಳ ಅಂದ್ರಲ್ಲ ಮೇಡಂ. ಹುಳ ಇದ್ರೆ ಹುಳ ತೆಗೀಬೇಕು. ಹಲ್ಲು ಯಾಕೆ ಕೀಳ್ಬೇಕು?"

ಆ ತರ್ಕದಲ್ಲಿ ಒಂದು ತಪ್ಪೂ ಇರಲಿಲ್ಲ; ತಪ್ಪಿದ್ದದ್ದು ನಾನು ಕೊಟ್ಟ ಪದದಲ್ಲಿ. ವೃತ್ತಿ ನನಗೆ ಕಲಿಸಿದ ಪಾಠ ಅದೇ. ಆ ವರ್ಷ ಕರೆಂಟ್ ಇರಲಿ, ಇಲ್ಲದಿರಲಿ, ಒಂದು ಸೂಜಿಯನ್ನೂ ನಾನು ಕುದಿಸದೆ ಬಳಸಿರಲಿಲ್ಲ. ಆ ಪದವನ್ನು ಮಾತ್ರ ಹಾಗೇ ಬಳಸಿದ್ದೆ.