ಬಾಯಿ ಮೊದಲು, ದನಿ ಆಮೇಲೆ

ದನಿಯಮ್ಮನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಕಾಗದಪತ್ರಗಳಲ್ಲೇ ಮುದುರಿಕೊಂಡು ಬಿದ್ದಿತ್ತು. ಹನ್ನೊಂದು ವರ್ಷ ಟೀವಿಯ ಮಕ್ಕಳ ಕಾರ್ಯಕ್ರಮದಲ್ಲಿ ಗಿಲಕಿ ಎಂಬ ಕೈಗೊಂಬೆಗೆ ದನಿ ಕೊಟ್ಟವಳು ಅವಳು. ಗೊಂಬೆಯೊಳಗಿನ ಕೈ ಅವಳ ಅಕ್ಕನದು. ಅಕ್ಕ ಮೇಜಿನ ಕೆಳಗೆ ಕಾಲು ಮಡಚಿ ಕೂತು ಗೊಂಬೆಯ ಬಾಯಿ ತೆರೆಯುವಳು. ತಂಗಿ ಪಕ್ಕದಲ್ಲೇ ಮೈಕಿನ ಮುಂದೆ ನಿಂತು, ಆ ಬಾಯಿ ನೋಡಿ ಮಾತಾಡುವಳು. ಬೇರೆಯವರೆಲ್ಲ ದನಿಗೆ ಗೊಂಬೆ ಕುಣಿಸಿದರೆ ಇವರದು ಉಲ್ಟಾ. ಬಾಯಿ ಮೊದಲು, ದನಿ ಆಮೇಲೆ. ಬಾಯಿ ಮುಚ್ಚಿದ್ದಾಗ ಆಡಿದ ಮಾತು ಲೆಕ್ಕಕ್ಕಿಲ್ಲ, ಕತ್ತರಿಸಿ ಎಸೆಯುತ್ತಿದ್ದರು. ತಂಗಿ ತಡಮಾಡಿದರೆ ಮೇಜಿನ ಕೆಳಗಿನಿಂದ ಅಕ್ಕ "ಬಾ" ಎಂದು ಪಿಸುಗುಟ್ಟುತ್ತಿದ್ದಳು. ಆ "ಬಾ" ಅಳಿಸಿ ಅಳಿಸಿ ರೆಕಾರ್ಡಿಂಗಿನವನಿಗೆ ಸಾಕುಸಾಕಾಗಿತ್ತು.

ಕೊನೆಯ ಕಂತಿನಲ್ಲಿ ಗಿಲಕಿ ಆಕಾಶಕ್ಕೆ ಹೊರಡಬೇಕು. "ಹೋಗ್ತೀನಿ ಮಕ್ಕಳೇ" ಎಂದು ಬರೆದುಕೊಟ್ಟಿದ್ದರು. ಹೊರಡುವಾಗ ಯಾರಾದರೂ ಹಾಗೆನ್ನುತ್ತಾರೆಯೇ? ಬರ್ತೀನಿ ಎಂದುಕೊಂಡೇ ಅಲ್ಲವೇ ನಾವೆಲ್ಲ ಹೋಗುವುದು? ದನಿಯಮ್ಮ "ಬರ್ತೀನಿ" ಎಂದುಬಿಟ್ಟಳು. ಎರಡು ತಿಂಗಳಿಗೆ ಅಕ್ಕ ತೀರಿಕೊಂಡಳು. ಆಮೇಲೆ ಎಷ್ಟು ತಿಣುಕಿದರೂ ದನಿಯಮ್ಮನ ಗಂಟಲಿನಿಂದ ಗಿಲಕಿ ಹೊರಡಲಿಲ್ಲ.

ಹತ್ತೊಂಬತ್ತು ವರ್ಷದ ಮೇಲೆ, ಒಂದು ಮಂಗಳವಾರ ಮಧ್ಯಾಹ್ನ, ಖಗೋಳ ವೀಕ್ಷಣಾಲಯದವನೊಬ್ಬ ಮನೆಗೆ ಬಂದ. ಚಿಕ್ಕಂದಿನಲ್ಲಿ ಗಿಲಕಿಯನ್ನು ನೋಡುತ್ತಲೇ ಊಟ ಮಾಡಿದವನು. ತಾನು ಕಂಡುಹಿಡಿದ ಕ್ಷುದ್ರಗ್ರಹಕ್ಕೆ ಗಿಲಕಿಯ ಹೆಸರನ್ನೇ ಇಟ್ಟಿದ್ದ.

"ಕ್ಷುದ್ರ ಅಂತ ಯಾಕಪ್ಪಾ ಅಂತೀರಿ? ನಮ್ಮ ಗಿಲಕಿ ಅಂಥ ಕೆಲಸ ಏನು ಮಾಡಿದ್ಲು?" ಎಂದಳು ದನಿಯಮ್ಮ.

ಅವನು ನಕ್ಕ. "ಚಿಕ್ಕದು ಅಂತ ಅಷ್ಟೇ ಮೇಡಂ. ಮಂಗಳನಿಗೂ ಗುರುವಿಗೂ ನಡುವೆ ಸುತ್ತೋ ಒಂದು ಬಂಡೆ."

"ಈ ಕಡೆ ಬರುತ್ತಾ?"

"ಇಲ್ಲ. ಅದು ತನ್ನ ದಾರಿ ಬಿಟ್ಟು ಬರಲ್ಲ."

"ಬರ್ತೀನಿ ಅಂದಿದ್ಲಲ್ಲ" ಎಂದು ದನಿಯಮ್ಮ ತನ್ನಷ್ಟಕ್ಕೇ ಗೊಣಗಿದಳು.

ವೀಕ್ಷಣಾಲಯಕ್ಕೆ ಬರುವವರಿಗೆ ಕೇಳಿಸಲು ಅವನಿಗೆ ಬೇಕಾಗಿದ್ದುದು ಗಿಲಕಿಯ ದನಿಯಲ್ಲಿ ಅದೇ ಒಂದು ಮಾತು, "ಬರ್ತೀನಿ". ಮಗಳು ಅಡ್ಡಬಂದಳು. ಗುರುವಾರ ಅಮ್ಮನ ಗಂಟಲಿನ ಗಡ್ಡೆಗೆ ಆಪರೇಷನ್. ಆಮೇಲೆ ದನಿ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ಆದರೆ ದನಿಯಮ್ಮ ಪಟ್ಟು ಹಿಡಿದಳು. ಗಿಲಕಿ ಇನ್ನೊಮ್ಮೆ ಸಿಗದೆ ದನಿಯೇ ಹೊರಟುಹೋದರೆ ಎಂಬುದೇ ಅವಳ ಭಯ.

ಮೂರು ಸಲ ಪ್ರಯತ್ನಿಸಿದಳು. ಮೂರು ಸಲವೂ ಕೆಮ್ಮು ಬಂತು. ಕೊನೆಗೆ ಟ್ರಂಕಿನಿಂದ ಗೊಂಬೆಯನ್ನು ತಂದು, ಊಟದ ಮೇಜಿನ ಮೇಲಿದ್ದ ನೀರಿನ ಜಗ್ಗಿಗೆ ಒರಗಿಸಿ ಕೂರಿಸಿದಳು. ಗೊಂಬೆಯ ಬಾಯಿ ಮೆಲ್ಲಗೆ ತೆರೆಯಿತು.

"ಬರ್ತೀನಿ."

ಥೇಟ್ ಗಿಲಕಿ. ಅವನ ಕಣ್ಣು ತುಂಬಿತು. "ಹಳೇ ಬಟ್ಟೆ, ಜೋತುಬಿದ್ದಿದೆ" ಎಂದು ಮಗಳು ಗೊಂಬೆಯ ಬಾಯಿ ಮುಚ್ಚಿದಳು.

ಅವನು ರೆಕಾರ್ಡ್ ಆದದ್ದನ್ನು ಹಾಕಿ ಕೇಳಿಸಿದ. "ಮೇಡಂ, ಶುರುವಲ್ಲಿ ಯಾರೋ ಬಾ ಅಂದಂಗಿದೆಯಲ್ಲ?"

"ನಾನಂತೂ ತುಟಿ ಬಿಚ್ಚಿಲ್ಲ" ಎಂದಳು ಮಗಳು.

ಅವನು ಮತ್ತೆ ಹಾಕಿದ. ಪಿಸುದನಿಯಲ್ಲಿ "ಬಾ". ಹಿಂದೆಯೇ "ಬರ್ತೀನಿ". ದನಿಯಮ್ಮನಿಗೆ ಆ ಪಿಸುದನಿಯ ಗುರುತು ಸಿಕ್ಕಿತು. ಕೊನೆಯ ಕಂತಿನಲ್ಲಿ ಆ ಮಾತು ವಿದಾಯವಾಗಿತ್ತು. ಬಾ ಎಂದವರಿಗೆ ಬರ್ತೀನಿ ಎಂದರೆ ಅದು ಒಪ್ಪಿಗೆ. ಅಕ್ಕ ಕರೆದಿದ್ದಳು, ತಾನು ಹೂಂ ಎಂದಿದ್ದಳು.

ಗುರುವಾರ ಬೆಳಗ್ಗೆ ಆಟೋ ಬಂದು ನಿಂತಿತ್ತು. ದನಿಯಮ್ಮ ಮೇಜಿನ ಬಳಿ ನಿಂತು, "ಅಕ್ಕಾ, ಈಗ ಬರಲ್ಲ ಕಣೇ. ಮಗಳಿಗೆ ನಾನೊಬ್ಳೇ ಇರೋದು" ಎಂದಳು. ಗೊಂಬೆಯ ಬಾಯಿ ಮುಚ್ಚಿಯೇ ಇತ್ತು. ಬಾಯಿ ತೆರೆಯಲೆಂದು ಅವಳು ಕಾದಳು. ಮಗಳು ಹೊರಗಿನಿಂದ ಎರಡು ಸಲ ಕೂಗಿದಳು. ದನಿಯಮ್ಮ ಹೊರಟಳು.

ಹದಿನಾಲ್ಕು ದಿನಕ್ಕೆ ಮನೆಗೆ ಬಂದಳು. ಜೀವ ಗಟ್ಟಿಯಾಗಿತ್ತು, ದನಿ ಹೋಗಿತ್ತು. ಬದುಕಿದೆನಲ್ಲ ಎಂಬ ಸಮಾಧಾನದಲ್ಲೇ ಹೊಸ್ತಿಲು ದಾಟಿದಳು. ಬೀಗ ಹಾಕಿದ್ದ ಮನೆ, ಕಿಟಕಿಗಳೂ ಮುಚ್ಚಿದ್ದವು. ಮೇಜಿನ ಮೇಲೆ ಗಿಲಕಿ ಬಾಯಿ ತೆರೆದು ಕೂತಿದ್ದಳು.

ಈಗ "ಬರಲ್ಲ" ಎಂದರೆ ಆ ಮಾತು ಲೆಕ್ಕಕ್ಕೆ ಬರುತ್ತಿತ್ತು. ದನಿಯಮ್ಮ ತುಟಿ ಅಲ್ಲಾಡಿಸಿದಳು; ಬರೀ ಗಾಳಿ ಬಂತು. ಮಗಳು ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದ ಸದ್ದು ಕೇಳುತ್ತಿತ್ತು. ಹೇಗಾದರೂ ಆ ಬಾಯಿ ಮುಚ್ಚಬೇಕೆಂದು ದನಿಯಮ್ಮ ಗೊಂಬೆಯೊಳಗೆ ಕೈ ತೂರಿಸಿದಳು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅದರೊಳಗೆ ಕೈ ಇಟ್ಟವಳಲ್ಲ.

ಒಳಗೆ ಬೆಚ್ಚಗಿತ್ತು.