ಎಡಗಡೆಯ ಕುದುರಿ

ಬನಹಟ್ಟಿಯ ನಮ್ಮ ಮನೆಯ ಕಪಾಟಿನಲ್ಲಿ ಮಾವನವರ ಅಜ್ಜನ ಕಾಲದ ಜೋಡುನಳಿಗೆ ಬಂದೂಕೊಂದಿದೆ. ಲೈಸೆನ್ಸಿದೆ, ಗುಂಡಿಲ್ಲ. ಹೆಬ್ಬೆರಳಿನಿಂದ ಹಿಂದಕ್ಕೆಳೆಯುವ ಕಬ್ಬಿಣದ ತುಂಡಿಗೆ ನಾವು ಕುದುರಿ ಅನ್ನುತ್ತೇವೆ. ಅಂಥ ಎರಡರಲ್ಲಿ ಬಲಗಡೆಯದು ಮುರಿದು ಬಹಳ ವರ್ಷವಾಯಿತು. ಮುಕ್ಕಾದ ಆಯುಧವನ್ನು ದಸರೆಯ ಖಂಡೇಪೂಜೆಗೆ ಇಡುವ ಪದ್ಧತಿ ನಮ್ಮಲ್ಲಿಲ್ಲ. ಕುಡಗೋಲು, ಮಗ್ಗದ ಲಾಳಿ, ನನ್ನ ಈಳಿಗೆಗೂ ಕುಂಕುಮ ಸಿಗುತ್ತದೆ. ಬಂದೂಕು ಹಳೇ ಧೋತರ ಸುತ್ತಿಕೊಂಡು ಕಪಾಟಿನಲ್ಲೇ ಇರುತ್ತದೆ. ಆ ದಿನ ಮಾವನವರು ಸರಿಯಾಗಿ ಉಣ್ಣುವುದಿಲ್ಲ.

ಈ ಸಲ ದಸರೆಗೆ ಮುಂಚೆ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಒಂದು ಬ್ಯಾನರ್ ಕಟ್ಟಿದರು. ಜಮಖಂಡಿಯಲ್ಲಿ ಹಳೇ ಬೇಟೆ ಬಂದೂಕುಗಳ ಪ್ರದರ್ಶನ, ನಾನಾ ಊರಿನ ವ್ಯಾಪಾರಿಗಳು, ಬಿಡಿಭಾಗಗಳು ಲಭ್ಯ. ಟಿಕೀಟಿನ ಮಾತೇ ಇರಲಿಲ್ಲ. ಮಾವನವರು ಎಡಗಡೆಯ ಕುದುರಿ ಬಿಚ್ಚಿಸಿ, ಅಳತೆಗೆಂದು ಕರವಸ್ತ್ರದಲ್ಲಿ ಕಟ್ಟಿಕೊಂಡು ನನ್ನ ಜೊತೆ ಬಸ್ಸು ಹತ್ತಿದರು.

ಪ್ರದರ್ಶನದ ಬಾಗಿಲಲ್ಲಿ ತಲೆಗೆ ಮುನ್ನೂರು ರೂಪಾಯಿ. ಬಂದೂಕಿನ ಕೋಣೆಗೆ ಮತ್ತೆ ನೂರು. ಕಬ್ಬಿಣದ ಸಾಮಾನು ಒಯ್ಯುವಂತಿಲ್ಲವೆಂದು ಕಾವಲಿನವನು ಕುದುರಿಯನ್ನು ಇಸಿದುಕೊಂಡ.

"ಅಳತಿ ಇಲ್ದ ಏನ ಹುಡುಕಲೋ ತಮ್ಮಾ?" ಎಂದರು ಮಾವನವರು.

"ಮೊದ್ಲ ನೋಡ್ಕೊಂಡ ಬರ್ರಿ ಅಜ್ಜಾರ."

ನೋಡಿದೆವು. ಅಂಟದ ತವೆ, ಕಾಲು ಒತ್ತುವ ಯಂತ್ರ, ಉಪ್ಪಿನಕಾಯಿ, ಸೋಫಾದ ಹೊದಿಕೆ. ನಮ್ಮ ಓಣಿಯಲ್ಲೇ ನೇಯ್ದ ಸೀರೆಗೆ ನನಗೇ ಒಂದೂವರೆ ಪಟ್ಟು ಬೆಲೆ ಹೇಳಿದರು. ಬಂದೂಕಿನ ಕೋಣೆಯಲ್ಲಿ ಒಂದೇ ಮೇಜು, ಗಾಜಿನ ಕೆಳಗೆ ನಾಲ್ಕು ಬಂದೂಕು, ಮೊಬೈಲ್ ನೋಡುತ್ತ ಕೂತ ಒಬ್ಬ. ಕುದುರಿ ಕೇಳಿದರೆ, "ಮಾರಾಕ ನಮಗ ಪರವಾನಗಿ ಎಲ್ಲೈತ್ರೀ? ಬೇಕಾದ್ರ ಫೋಟೋ ಹೊಡ್ಕೋರಿ," ಎಂದ. ಮಾವನವರು ಗಾಜಿಗೆ ಮುಖ ಹಚ್ಚಿ ಬಹಳ ಹೊತ್ತು ನಿಂತರು.

ಹೊರಬೀಳುವ ಬಾಗಿಲು ಹಿಂದಿನ ಓಣಿಗಿತ್ತು. ಸುತ್ತು ಹಾಕಿ ಮುಂದಿನ ಬಾಗಿಲಿಗೆ ಬಂದು ನಮ್ಮ ಕುದುರಿ ಕೇಳಿದೆವು.

"ಅದು ಒಳಗ ಐತ್ರಿ," ಎಂದ ಕಾವಲಿನವನು. "ಒಳಗ ಬರಬೇಕಂದ್ರ ಟಿಕೀಟ ತಗೀರಿ."

ಮಾವನವರ ಕೈ ಜೇಬಿಗೆ ಹೋಯಿತು. ನಾನು ಆ ಕೈ ಹಿಡಿದೆ. ಟಿಕೀಟಿನ ಪಾಳಿಯಲ್ಲಿ ನಿಂತವರ ಕಡೆ ತಿರುಗಿದೆ.

"ಬಂದೂಕ ನೋಡಾಕ ಬಂದೀರೇನ್ರಿ? ಒಳಗ ಒಂದ ಮೇಜ ಐತಿ. ಮಾರೋರು ಒಬ್ಬರೂ ಇಲ್ಲ. ತವಾ ಬೇಕಾಗಿದ್ರ ಹೋಗ್ರಿ."

"ಮುಧೋಳದಿಂದ ತವಾ ತಗೋಳಾಕ ಬಂದಂಗಾತಲೇ," ಎಂದು ಒಬ್ಬಾತ ತನ್ನ ಗೆಳೆಯನನ್ನು ತಿವಿದ. ಇಬ್ಬರೂ ಪಾಳಿ ಬಿಟ್ಟರು. ಅವರ ಹಿಂದಿನವರೂ ಬಿಟ್ಟರು. ಕಾವಲಿನವನು ಒಳಗೋಡಿ ಕರವಸ್ತ್ರದ ಗಂಟು ತಂದು ಕೊಟ್ಟ.

"ಇನ್ನರ ಸುಮ್ನ ಹೋಗವಾ."

ಸುಮ್ಮನೆ ಹೋಗಲಿಲ್ಲ. ಬಸ್ಸಿನ ಹೊತ್ತಾಗುವವರೆಗೂ ಅಲ್ಲೇ ನಿಂತು ಬಂದವರಿಗೆಲ್ಲ ಹೇಳಿದೆ.

ಖಂಡೇಪೂಜೆಗೆ ಬಂದೂಕು ಈ ಸಲವೂ ಹೊರಗೆ ಬರಲಿಲ್ಲ. ಮಾವನವರು ಆ ಕುದುರಿಯೊಂದನ್ನೇ ತಂದು ಈಳಿಗೆಯ ಪಕ್ಕ ಇಟ್ಟರು. "ಇದಂತೂ ಮುಕ್ಕಾಗಿಲ್ಲಲ್ಲ," ಎಂದರು. ಕುಂಕುಮ ಹಚ್ಚಿದೆ. ನನ್ನ ಸಿಟ್ಟೇನೂ ಇಳಿಯಲಿಲ್ಲ. ಆ ಬ್ಯಾನರ್ ಇವತ್ತಿಗೂ ಬಸ್‌ಸ್ಟ್ಯಾಂಡಿನಲ್ಲಿ ಜೋತಾಡುತ್ತಿದೆ. ಬಿಸಿಲಿಗೆ ಬಣ್ಣ ಹೋದರೂ ಕೊನೆಯ ಸಾಲು ಓದಲು ಬರುತ್ತದೆ: ಬಿಡಿಭಾಗಗಳು ಲಭ್ಯ.