ಹಲ್ಲು ಬೆಳೆಯುವ ಮೀನು

ಅವರ ಉಗುರಿನ ಸಂದಿಯಲ್ಲಿ ಸದಾ ಒಂದು ಗುಲಾಬಿ ಬಣ್ಣದ ಪುಡಿ ಕೂತಿರುತ್ತಿತ್ತು. ಎಷ್ಟು ಸಾಬೂನು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಮೊದಲ ದಿನ ಚಹಾದ ಲೋಟ ಕೊಡಲು ಅವರು ಕೈ ಚಾಚಿದಾಗ ನಾನು ಕಂಡದ್ದು ಅದನ್ನೇ. ಯಾವುದೋ ಮದುವೆಯ ಮದರಂಗಿ ಇನ್ನೂ ಮಾಸಿಲ್ಲ ಎಂದುಕೊಂಡೆ. ಅದು ಕಟ್ಟು ಹಲ್ಲಿಗೆ ಒಸಡು ಮಾಡುವ ಪುಡಿ. ನಾನು ಕಾಕ ಎಂದು ಕರೆಯುತ್ತಿದ್ದ ಅವರು ಹಲ್ಲಿನ ಸೆಟ್ ತಯಾರಿಸುವವರು. ಅರಬ್ ನಾಡಿನ ಅಭಾ ಎಂಬ ಊರಿನ ಒಂದು ಆಸ್ಪತ್ರೆಯಲ್ಲಿ, ದಂತ ವಿಭಾಗದ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆ ಬೆಟ್ಟದ ಸೀಮೆಯ ಮುದುಕ ಮುದುಕಿಯರ ಬಾಯಿ ತುಂಬಿಸಿದವರು. ನಾನು ಅದೇ ಆಸ್ಪತ್ರೆಗೆ ಎಕ್ಸ್‌ರೇ ತೆಗೆಯುವ ಕೆಲಸಕ್ಕೆ ಬಂದವನು. ಕಂಪನಿ ಕೊಟ್ಟ ಫ್ಲ್ಯಾಟಿನಲ್ಲಿ ಒಂದು ಕೋಣೆ ಅವರದ್ದು, ಒಂದು ನನ್ನದು, ನಡುವಿನ ಹಾಲ್ ಮೀನಿನದ್ದು.

ಹಾಲ್ ಮೀನಿನದ್ದು ಎಂದರೆ ಬಾಯಿಮಾತಿಗೆ ಹೇಳಿದ್ದಲ್ಲ. ಸೋಫಾ ಇರಬೇಕಾದ ಗೋಡೆಗೆ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ಒಂದೇ ಒಂದು ಮೀನು. ಮುಷ್ಟಿಯಷ್ಟು ಗಾತ್ರ, ಹಸಿರು-ಹಳದಿ ಬೆನ್ನು, ಮೈತುಂಬ ಕಪ್ಪು ಚುಕ್ಕೆ, ಬಿಳಿ ಹೊಟ್ಟೆ. ಕೋಣೆಯಲ್ಲಿ ಯಾರು ಎಲ್ಲಿಗೆ ಹೋದರೂ ಅದರ ಕಣ್ಣು ಹಿಂದೆಯೇ ಬರುತ್ತಿತ್ತು. ನಾನು ಕುಂದಾಪುರದ ಕಡೆಯ, ಮೀನು ಹಿಡಿಯುವ ಮನೆಯಲ್ಲಿ ಹುಟ್ಟಿದವನು. ನೋಡಿದ ಕೂಡಲೇ ಗುರುತು ಹಿಡಿದೆ. ಹೆದರಿಸಿದರೆ ಹೊಟ್ಟೆಯುಬ್ಬಿಸಿ ಚೆಂಡಿನಂತಾಗುವ ಜಾತಿ. ನಮ್ಮಲ್ಲಿ ಬಲೆಗೆ ಬಿದ್ದರೆ ವಿಷದ ಮೀನು ಎಂದು ಹಾಗೆಯೇ ಮರಳಿಗೆ ಎಸೆಯುತ್ತಾರೆ.

“ಎಂತ ಕಾಕ, ಇದನ್ನ್ ಯಾರಾರೂ ಸಾಕ್ತ್ರಾ?” ಎಂದು ನಕ್ಕೆ.

“ತಿನ್ಲಿಕ್ಕೆ ಆಗದ್ದನ್ನೇ ಅಲ್ವಾ ಮಾರಾಯ ಸಾಕೂದು? ತಿನ್ಲಿಕ್ಕೆ ಆಗುವಂಥದ್ದಾದ್ರೆ ನೀನು ಎರಡು ದಿನ ಬಿಡ್ತಿದ್ದೆಯಾ?” ಎಂದರು.

ಕಾಕ ಬಂಟ್ವಾಳದ ಕಡೆಯ ಬ್ಯಾರಿ. ನನಗೆ ಅವರ ಬ್ಯಾರಿ ಭಾಷೆಯೂ ತುಳುವೂ ಬಾರದು, ಅವರಿಗೆ ನನ್ನ ಕುಂದಾಪುರದ ಕನ್ನಡ ಕೇಳಿದರೆ ನಗು. ಅರವತ್ತರ ಹತ್ತಿರವಾಗಿದ್ದರೂ ಸ್ವಂತ ಹಲ್ಲು ಒಂದೂ ಬಿದ್ದಿರಲಿಲ್ಲ. ಅದೊಂದು ವಿಷಯದಲ್ಲಿ ಅವರಿಗೆ ಜಂಬವಿತ್ತು. ಯಾರನ್ನು ಕಂಡರೂ ಮೊದಲು ಬಾಯಿ ನೋಡುವರು. ಟಿವಿಯಲ್ಲಿ ವಾರ್ತೆ ಓದುವವನ ಎಡಗಡೆಯ ದವಡೆ ಹಲ್ಲು ಹೋಗಿದೆ ಎಂದು ಊಟದ ನಡುವೆ ಘೋಷಿಸುವರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಯಾರಾದರೂ ಎತ್ತಿದರೆ, “ಮೊದಲನೇದು ದೇವರ ಕೆಲಸ, ಎರಡನೇದು ನಮ್ಮ ಡಿಪಾರ್ಟ್‌ಮೆಂಟು” ಎನ್ನುವರು. ಸೆಟ್ ಕೊಟ್ಟ ಮೇಲೆ ಮುದುಕಿಯೊಬ್ಬಳು ಖರ್ಜೂರ ಜಗಿದು ತೋರಿಸುವವರೆಗೆ ಅವಳನ್ನು ಕುರ್ಚಿಯಿಂದ ಏಳಲು ಬಿಡುತ್ತಿರಲಿಲ್ಲವಂತೆ.

ಆ ಮೀನು ಅವರ ಕೈಗೆ ಬಂದದ್ದು ಒಂದು ಉಪ್ಪಿನಕಾಯಿ ಬಾಟಲಿಯಲ್ಲಿ. ಊರಿಗೆ ಹೊರಟ ಡಾಕ್ಟರೊಬ್ಬರ ಮನೆಯವರು ಬಿಟ್ಟು ಹೋದದ್ದು. ಹೆಬ್ಬೆರಳಿನಷ್ಟಿತ್ತು, ಮೈ ಕಪ್ಪಿಟ್ಟಿತ್ತು, ಏನೂ ತಿನ್ನುತ್ತಿರಲಿಲ್ಲ. ಕಾಕ ಸಿಗಡಿ ಸುಲಿದು, ಅಕ್ಕಿಕಾಳಿನಷ್ಟು ಸಣ್ಣಗೆ ಹೆಚ್ಚಿ, ಹಲ್ಲುಕಡ್ಡಿಯ ತುದಿಗೆ ಸಿಕ್ಕಿಸಿ ಬಾಯಿಯ ಮುಂದೆ ಹಿಡಿದರು. ಬಾಯಿ ಸರಿಯಿಲ್ಲದವರಿಗೆ ಮೊದಲು ಮೆತ್ತಗಿನದ್ದು ಎಂಬುದು ಅವರ ಕಸುಬಿನ ಪಾಠ. ಮೀನು ಬದುಕಿತು. ಆದರೆ ಪಾಠ ಅಲ್ಲಿಗೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಈ ಜಾತಿಯ ಮೀನಿಗೆ ಹಲ್ಲು ಸಾಯುವತನಕ ಬೆಳೆಯುತ್ತದೆ. ಶಂಖದ ಹುಳು, ಏಡಿ, ಚಿಪ್ಪು ಹೀಗೆ ಗಟ್ಟಿಯಾದದ್ದನ್ನು ಕಡಿದು ಕಡಿದೇ ಅದು ಸವೆಯಬೇಕು. ಮೆತ್ತಗಿನ ರುಚಿ ಹತ್ತಿದ ಕಾಕನ ಮೀನು ಚಿಪ್ಪನ್ನು ಮೂಸಿಯೂ ನೋಡುತ್ತಿರಲಿಲ್ಲ. ಜೀವಮಾನವಿಡೀ ಹಲ್ಲಿಲ್ಲದವರನ್ನು ನೋಡಿದ ಮನುಷ್ಯ, ಹಲ್ಲು ಹೆಚ್ಚಾಗಿ ಬಾಯಿ ತೆರೆಯಲಾಗದೆ ಹಸಿವಿನಿಂದ ಸಾಯಬಹುದಾದ ಒಂದು ಜೀವವನ್ನು ತಾವೇ ಮಾಡಿಟ್ಟುಕೊಂಡಿದ್ದರು.

ಅದಕ್ಕೆ ಉಪ್ಪು ನೀರೇ ಬೇಕು. ಅಂಗಡಿಯ ಉಪ್ಪು ಬೆರೆಸಿದರೂ ನಡೆಯುತ್ತದೆ, ಆದರೆ ಕಾಕನಿಗೆ ಸಮಾಧಾನವಿಲ್ಲ. ಎರಡು ವಾರಕ್ಕೊಮ್ಮೆ ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದವರೇ “ಹೋಗುವ?” ಎನ್ನುವರು. ಅವರ ಹಳೆಯ ಕಾರಿನಲ್ಲಿ ಸುರಂಗ ದಾಟಿ, ಘಾಟಿ ಇಳಿದು, ಕೆಂಪು ಸಮುದ್ರದ ದಡಕ್ಕೆ ಹೋಗಿ ಕ್ಯಾನುಗಳಲ್ಲಿ ನೀರು ತುಂಬಿ ತರುವುದು. ಒಮ್ಮೆ ಚೆಕ್‌ಪೋಸ್ಟಿನಲ್ಲಿ ಪೊಲೀಸಿನವನು ಡಿಕ್ಕಿ ತೆಗೆಸಿದ. ಅವರ ಬಾಯಲ್ಲಿ ‘ಹಿಂದಿ’ಗಳಾದ ಇಬ್ಬರು ಭಾರತೀಯರು, ಆರು ಕ್ಯಾನು, ಒಳಗೆ ತಿಳಿನೀರು. ಸಾರಾಯಿ ನಿಷಿದ್ಧವಾದ ಆ ದೇಶದಲ್ಲಿ ಅದನ್ನು ನೋಡಿದವರಿಗೆ ಏನು ಅನ್ನಿಸಬೇಕೋ ಅವನಿಗೂ ಅದೇ ಅನ್ನಿಸಿತು. ಕಾಕ ಶಾಂತವಾಗಿ “ಮೋಯಾ ಬಹರ್” ಎಂದರು, ಸಮುದ್ರದ ನೀರು ಎಂದು. ಅವನು ನಂಬದೆ ಬೆರಳದ್ದಿ ನಾಲಗೆಗೆ ಹಚ್ಚಿ ಥೂ ಎಂದು ಉಗಿದ. ಮೀನಿಗೆ ಎಂದು ಗೊತ್ತಾದ ಮೇಲೆ ಇನ್ನೊಬ್ಬನನ್ನೂ ಕರೆದು ನಮ್ಮನ್ನು ತೋರಿಸಿ ಹೊಟ್ಟೆ ಹಿಡಿದು ನಕ್ಕ. ಹೊರಡುವಾಗ ಕಾಕ ನನ್ನ ಕಿವಿಯಲ್ಲಿ, “ಮೇಲಿನ ಎದುರು ಹಲ್ಲು ನಮ್ಮದೇ ಸೆಟ್ಟು, ನೋಡಿದೆಯಾ?” ಎಂದರು.

ಮೀನಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಅಹಂಕಾರ ನನ್ನದು. ಒಂದು ಸಂಜೆ ಅವರಿಲ್ಲದಾಗ ತೊಟ್ಟಿ ತೊಳೆಯಲು ಹೊರಟು, ಮೀನನ್ನು ಸಲೀಸಾಗಿ ಬಲೆಯಲ್ಲಿ ಮೇಲೆತ್ತಿದೆ. ಅದು ಹೆದರಿ ನೀರಿನ ಬದಲು ಗಾಳಿ ನುಂಗಿ ಉಬ್ಬಿತು. ತಿರುಗಿ ನೀರಿಗೆ ಬಿಟ್ಟರೆ ಹೊಟ್ಟೆ ಮೇಲಾಗಿ ತೇಲುತ್ತಿದೆ, ಒಳಗಿನ ಗಾಳಿ ಬಿಡಲು ಬಾರದು. ಅಷ್ಟರಲ್ಲಿ ಕಾಕ ಬಂದರು. ಅಂಗಿಯ ತೋಳು ಮಡಚದೆಯೇ ಕೈ ಇಳಿಸಿ, ನೀರಿನೊಳಗೇ ಮೀನಿನ ಬಾಯಿ ಮೇಲಕ್ಕೆ ಬರುವಂತೆ ಹಿಡಿದು ಮೆಲ್ಲನೆ ಅಲುಗಿಸುತ್ತಾ ನಿಂತರು. ಎಷ್ಟೋ ಹೊತ್ತಿನ ಮೇಲೆ ಒಂದು ಗುಳ್ಳೆ, ಮತ್ತೆ ನಾಲ್ಕು, ಆಮೇಲೆ ಪೂರ್ತಿ. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ.

“ನಿಮ್ಮಲ್ಲಿ ಮೀನು ನೀರಿಂದ ಹೊರಗೆ ಬಂದ ಮೇಲೆ ಕೆಲಸ ಶುರು ಆಗ್ತದೆ. ಇಲ್ಲಿ ನೀರೊಳಗೇ ಎಲ್ಲ ಮುಗಿಸ್ಬೇಕು. ಅಷ್ಟೇ ವ್ಯತ್ಯಾಸ,” ಎಂದರು. ಬೈದದ್ದು ಅಷ್ಟೇ.

ಕೆಲವು ತಿಂಗಳಿಗೊಮ್ಮೆ ಮೀನಿನ ಹಲ್ಲು ಕತ್ತರಿಸುವ ಕೆಲಸ ಬರುತ್ತಿತ್ತು. ಮೇಜಿನ ಮೇಲೆ ಬಿಳಿ ಟವೆಲು, ಎರಡು ಬೋಗುಣಿ, ಉಗುರಿನ ಚರ್ಮ ಕತ್ತರಿಸುವ ಸಣ್ಣ ಕತ್ತರಿ. ಒಂದು ಬೋಗುಣಿಯ ನೀರಿಗೆ ಲವಂಗದ ಎಣ್ಣೆ. ಅದು ಅವರ ಕಸುಬಿನದೇ ಸಾಮಾನು. ಹಲ್ಲುನೋವಿಗೆ ಹಚ್ಚುವುದೂ ಅದೇ, ಮೀನಿಗೆ ಮಂಪರು ಬರಿಸುವುದೂ ಅದೇ. “ನಾಲ್ಕು ಹನಿ. ಐದನೇದು ಬೇಡ” ಎಂದು ಪ್ರತಿಸಲ ಗಟ್ಟಿಯಾಗಿ ಹೇಳಿಕೊಂಡೇ ಹಾಕುವರು. ಮೀನು ವಾಲಿದ ಕೂಡಲೇ ಒದ್ದೆ ಬಟ್ಟೆಯಲ್ಲಿ ಹಿಡಿದು, ಟಕ್ ಟಕ್ ಎಂದು ಎರಡು ಸಲ, ಮತ್ತೆ ಒಳ್ಳೆಯ ನೀರಿಗೆ. ಕಿವಿರು ಆಡಿ, ಕಣ್ಣು ತಿರುಗುವವರೆಗೆ ಅವರೂ ಉಸಿರು ಬಿಡುತ್ತಿರಲಿಲ್ಲ.

ನಾನು ಹೋದ ಎರಡನೇ ಚಳಿಗಾಲ. ಅಭಾದ ಚಳಿಗೆ ಹೀಟರು ಹಾಕಿದರೂ ಗಾಜು ತಣ್ಣಗಿತ್ತು. ಮೀನು ಮಂಪರಿಗೆ ಹೋಯಿತು, ಕಾಕ ಕತ್ತರಿ ಎತ್ತಿದರು. ಕತ್ತರಿಯ ತುದಿ ನಡುಗುತ್ತಿತ್ತು. ಚಳಿ ಎಂದುಕೊಂಡೆ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡರು, ಆದರೂ ನಿಲ್ಲಲಿಲ್ಲ.

“ಹಿಡಿ. ನೀನು ಮಾಡು,” ಎಂದರು.

“ನಂಗ್ ಆತಿಲ್ಲ ಕಾಕ.”

“ಆಗ್ತದೆ. ಯಲ್ಲಾ, ಬೇಗ, ಹೊತ್ತಿಲ್ಲ.”

ನಾನೇ ಮಾಡಿದೆ. ಮೀನು ಎದ್ದಿತು. ಕಾಕ ಟವೆಲು ಮಡಚಿಟ್ಟು ಕುರ್ಚಿಯಲ್ಲಿ ಕೂತರು. ಆರು ತಿಂಗಳಿಂದ ಹೀಗೆ ಎಂದರು. ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿಲ್ಲ, ಮಧ್ಯಾಹ್ನದ ಹೊತ್ತು ಕಡಿಮೆಯಿರುತ್ತದೆ, ಆಗ ಹಲ್ಲು ಜೋಡಿಸುತ್ತೇನೆ ಎಂದರು. ಆ ಕೈಯೇ ಅವರ ಸರ್ವಸ್ವ ಎಂದು ನನಗೆ ಗೊತ್ತಿತ್ತು. ಬುದ್ಧಿವಂತನ ಹಾಗೆ ಸಲಹೆ ಕೊಟ್ಟೆ: “ಯಾರಿಗ್ ಗೊತ್ತಾತ್ತ್ ಕಾಕ? ಇನ್ನೊಂದ್ ವರ್ಷ ಹಂಗೇ ದೂಡಿ.”

ಅವರು ತೊಟ್ಟಿಯ ಕಡೆ ನೋಡುತ್ತಾ ಹೇಳಿದರು: “ಮೀನಿಗೆ ನಿನ್ನ ಕೈ ಸಿಕ್ಕಿತು. ನಾಳೆ ನಾನು ಮಾಡಿದ ಸೆಟ್ಟು ಒಂದು ಅಜ್ಜಿಯ ಬಾಯಲ್ಲಿ ಸರಿ ಕೂರದೆ ಒಸಡು ಹುಣ್ಣಾದ್ರೆ? ಅವಳು ತನ್ನ ಬಾಯಿಯೇ ಸರಿ ಇಲ್ಲ ಅಂತ ಗ್ರಹಿಸ್ತಾಳೆ ಮಾರಾಯ. ನನ್ನನ್ನು ಬೈಯೂದೂ ಇಲ್ಲ.”

ಮರುದಿನ ಅವರೇ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ ತೋರಿಸಿದರು. ಯಾರೂ ಕೇಳದೆಯೇ ಹೇಳಿದ್ದು. ಎರಡು ತಿಂಗಳಲ್ಲಿ ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ರದ್ದಾಗಿ ಊರಿಗೆ ಹೊರಟರು. ಹೊರಡುವ ದಿನ ತೊಟ್ಟಿಯ ಮುಂದೆ ತುಂಬ ಹೊತ್ತು ನಿಂತಿದ್ದರು. ನನ್ನ ಕಡೆ ತಿರುಗಿ, “ಮೀನು ಹಿಡಿಯುವವರ ಮನೆಯವನ ಕೈಗೆ ಮೀನು ಕೊಟ್ಟು ಹೋಗ್ತಿದ್ದೇನೆ, ನನ್ನ ಧೈರ್ಯ ನೋಡು,” ಎಂದು ನಕ್ಕರು. ನನಗೆ ಅಳು ಬಂತು; ಅತ್ತೆ.

ಆಮೇಲೆ ಪ್ರತಿ ಶುಕ್ರವಾರ ವಿಡಿಯೋ ಕಾಲ್. ಅವರ ಕೈಯಲ್ಲಿ ಫೋನ್ ನಿಲ್ಲುತ್ತಿರಲಿಲ್ಲ, ಮಗಳು ಹಿಡಿದುಕೊಳ್ಳುತ್ತಿದ್ದಳು. ನನ್ನ ಆರೋಗ್ಯ ವಿಚಾರಿಸುವುದು ಅರ್ಧ ನಿಮಿಷ, ಮಿಕ್ಕದ್ದು ಮೀನಿನ ಜೊತೆ.

ಐದಾರು ತಿಂಗಳಿಗೆ ಅದರ ಹಲ್ಲು ಮತ್ತೆ ಬೆಳೆಯಿತು. ಈ ಸಲ ನಾನೊಬ್ಬನೇ. ನಾಲ್ಕು ಹನಿ ಹಾಕಿದೆ. ಮೀನು ವಾಲಿತು, ಆದರೆ ಬಟ್ಟೆಯಲ್ಲಿ ಹಿಡಿದಾಗ ಒಮ್ಮೆ ಕೊಸರಿತು. ಹೆದರಿ ಬೋಗುಣಿಗೆ ತಿರುಗಿ ಬಿಟ್ಟು ಐದನೆಯ ಹನಿ ಹಾಕಿದೆ. ಹಲ್ಲು ಚೆನ್ನಾಗಿಯೇ ಕತ್ತರಿಸಿದೆ. ಒಳ್ಳೆಯ ನೀರಿಗೆ ಬಿಟ್ಟು, ಬಾಯಿಗೆ ನೀರು ಹಾಯಿಸುತ್ತಾ ಒಂದು ಗಂಟೆ ನಿಂತೆ. ಕಿವಿರು ಆಡಲಿಲ್ಲ.

ಅಂದು ಬುಧವಾರ. ಗುರುವಾರ ಕೆಲಸ ಮುಗಿಸಿ ಪಕ್ಕದ ಪೇಟೆ ಖಮೀಸ್ ಮುಶೈತಿನ ಸಾಕುಮೀನಿನ ಅಂಗಡಿಗಳನ್ನೆಲ್ಲ ಸುತ್ತಿದೆ. ಮೂರನೆಯದರಲ್ಲಿ ಅದೇ ಜಾತಿಯದು ಸಿಕ್ಕಿತು, ಗಾತ್ರ ಸ್ವಲ್ಪ ಕಡಿಮೆ, ಚುಕ್ಕೆಗಳೂ ಹೆಚ್ಚುಕಡಿಮೆ ಹಾಗೆಯೇ. ತಂದು ತೊಟ್ಟಿಗೆ ಬಿಟ್ಟೆ. ಕಾಯಿಲೆಯ ಮನುಷ್ಯನಿಗೆ ಯಾಕೆ ನೋವು ಕೊಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಿದರೆ, ನಾನು ಹೆದರಿದ್ದು ಅವರ ನೋವಿಗಲ್ಲ, ಅವರ ಕಣ್ಣಿಗೆ.

ಶುಕ್ರವಾರ ಫೋನನ್ನು ದೂರದಿಂದ ಹಿಡಿದು ತೋರಿಸಿದೆ. ಮೀನು ಅತ್ತಿತ್ತ ಈಜುತ್ತಿತ್ತು. ಹಲ್ಲು ಕತ್ತರಿಸಿದ್ದಾಯಿತು, ಆರಾಮಾಗಿದೆ ಎಂದೆ.

“ಹತ್ತಿರ ತಾ. ಬಾಯಿ ತೋರಿಸು.”

ಗಾಜಿಗೆ ಫೋನ್ ಒತ್ತಿ ಹಿಡಿದೆ. ಹೊಸ ಜಾಗ, ಹೊಸ ಬೆಳಕು. ಮೀನು ಕುತೂಹಲದಿಂದ ನೇರ ಎದುರಿಗೇ ಬಂದು ಬಾಯಿ ತೆರೆಯಿತು. ಆ ಕಡೆ ಕಾಕ ಮೂಗು ಪರದೆಗೆ ತಾಗುವಷ್ಟು ಹತ್ತಿರ ಬಂದು ನೋಡಿದರು.

“ಒಳ್ಳೆ ಹಲ್ಲು,” ಎಂದರು ಕೊನೆಗೆ. “ಕತ್ತರಿ ಮುಟ್ಟದ ಹಲ್ಲು. ಕೇಳು, ಈ ಹೊಸಬನಿಗೆ ಶುರುವಿಂದಲೇ ಚಿಪ್ಪಿಂದು ಹಾಕು. ಬೇಡ ಅಂದ್ರೂ ಹಾಕು. ಹಸಿವಾದ್ರೆ ತಿಂತಾನೆ. ಹಳಬನಿಗೆ ನಾನು ಸಿಗಡಿ ಸುಲಿದು ಸುಲಿದು ಕೊಟ್ಟದ್ದೇ ತಪ್ಪಾದದ್ದು. ಅವನು ಹೋದದ್ದು ಅದರಿಂದ. ನಿನ್ನ ಕೈಯಿಂದಲ್ಲ.”

ಅವರು ನನ್ನ ಉತ್ತರಕ್ಕೆ ಕಾಯಲಿಲ್ಲ. ಅಲ್ಲಿ ಮಳೆ ಹೇಗುಂಟು, ಘಾಟಿಯ ದಾರಿ ತೆರೆದಿದೆಯಾ ಎಂದೆಲ್ಲ ಕೇಳಿ ಫೋನಿಟ್ಟರು.

ಐದನೆಯ ಹನಿಯ ವಿಷಯ ಮುಂದಿನ ಶುಕ್ರವಾರ ಹೇಳುವೆ ಎಂದುಕೊಂಡೆ. ಮುಂದಿನ ಶುಕ್ರವಾರ ಅವರಿಗೆ ಜ್ವರ. ಅದರ ಮುಂದಿನ ಮಂಗಳವಾರ ಮಗಳೇ ಫೋನ್ ಮಾಡಿ, ಬಪ್ಪ ಬೆಳಿಗ್ಗೆ ಹೋದರು, ದಫನ್ ಆಯಿತು ಎಂದಳು. ನಾನು ಡ್ಯೂಟಿಯ ನಡುವೆ ದಂತ ವಿಭಾಗದ ಹಿಂದಿನ ಆ ಕೋಣೆಯ ಬಾಗಿಲವರೆಗೆ ಹೋಗಿ ಬಂದೆ. ಒಳಗೆ ಹೊಸ ಹುಡುಗಿಯೊಬ್ಬಳು ಹಲ್ಲು ಜೋಡಿಸುತ್ತಾ ಕೂತಿದ್ದಳು.

ಅವರು ತಮ್ಮ ತಪ್ಪನ್ನು ಯಾರೂ ಕೇಳದೆಯೇ ಹೇಳಿದರು. ನನ್ನದನ್ನು ನಾನು ಹೇಳುವ ಮೊದಲೇ ತಮ್ಮ ಹೆಗಲಿಗೆ ಹಾಕಿಕೊಂಡು ಹೋದರು. ಈ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ. ಗೊತ್ತಿರುವುದನ್ನು ಮಾಡುತ್ತಿದ್ದೇನೆ. ಘಾಟಿ ಇಳಿದಾಗಲೆಲ್ಲ ಕಲ್ಲಿಗಂಟಿದ ಸಣ್ಣ ಶಂಖದ ಹುಳುಗಳನ್ನು ಆರಿಸಿ ತಂದು ತೊಟ್ಟಿಗೆ ಹಾಕುತ್ತೇನೆ. ಮೊದಲ ವಾರ ಅದು ತಿನ್ನಲಿಲ್ಲ. ಸಿಗಡಿ ಸುಲಿಯಲು ಕೈ ತುರಿಸಿದರೂ ಸುಲಿಯಲಿಲ್ಲ. ಎಂಟನೆಯ ದಿನ ಅಡಿಗೆಮನೆಯಲ್ಲಿ ನಿಂತಿದ್ದವನಿಗೆ ಚಿಪ್ಪು ಒಡೆದ ಸದ್ದು ಕೇಳಿಸಿತು. ಈಗ ಮೂರು ವರ್ಷವಾಯಿತು, ಈ ಮೀನಿನ ಹಲ್ಲನ್ನು ಒಮ್ಮೆಯೂ ಕತ್ತರಿಸಬೇಕಾಗಿ ಬಂದಿಲ್ಲ.